ಯಾವ ಬಹುವಿಶ್ವದಲ್ಲಿ ನಮ್ಮ ಹಳೇ ಮನೆ?

ಬಹುವಿಶ್ವದ ಬಗ್ಗೆ, ಅಂದರೆ ನಮ್ಮದಲ್ಲದೆ ಬೇರೆ ವಿಶ್ವಗಳೂ ಇವೆ ಎಂಬ ವಿಚಾರದ ಬಗ್ಗೆ, ಯಾರೇ ಕೇಳಲಿ, ನಾನು ತಿರುಗಿ ಕೇಳುವುದು ಒಂದೇ ಮಾತು: ಯಾವ ಬಹುವಿಶ್ವ? ಭೌತವಿಜ್ಞಾನಿ ಹ್ಯೂ ಎವರೆಟ್ ಹೇಳಿದ್ದೋ, ಕಣಗಳೆಲ್ಲ ಅತಿ ಸಣ್ಣ ತಂತಿಗಳ ಕಂಪನ ಎನ್ನುವ ಸ್ಟ್ರಿಂಗ್ ಥಿಯರಿಯವರು ಹೇಳುವುದೋ? ಬಾಗಲಕೋಟೆಯಲ್ಲಿ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಕಲಿಸುವವಳು ನಾನು. ಕ್ಲಾಸು ಮುಗಿದ ಮೇಲೆ ವರಾಂಡದಲ್ಲಿ ನಿಲ್ಲಿಸಿ ಹುಡುಗರು ಕೇಳುವ ಪ್ರಶ್ನೆಗಳಲ್ಲಿ ಈಚೆಗೆ ಇದೇ ಹೆಚ್ಚು. ಅವರು ಮೊಬೈಲಿನಲ್ಲಿ ನೋಡುವ ವಿಡಿಯೊಗಳಲ್ಲಿ ಮೊದಲು ಸತ್ತೂ ಬದುಕಿಯೂ ಇರುವ ಶ್ರೋಡಿಂಗರ್ ಅವರ ಬೆಕ್ಕು ಬರುತ್ತದೆ, ಅರ್ಧ ನಿಮಿಷ ಕಳೆಯುವುದರೊಳಗೆ ಹತ್ತು ಆಯಾಮಗಳು ಬರುತ್ತವೆ, ಕೊನೆಗೆ ‘ಬೇರೊಂದು ವಿಶ್ವದಲ್ಲಿ ನೀವೇ ರಾಜ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ನಡುವೆ ಒಂದು ವಿಚಾರ ಬಿಟ್ಟು ಇನ್ನೊಂದಕ್ಕೆ ಹಾರಿದ್ದು ನೋಡುವವರಿಗೆ ಗೊತ್ತೇ ಆಗುವುದಿಲ್ಲ.

ಇದನ್ನು ಬಿಡಿಸಿ ಬರೆಯಲೇಬೇಕು ಅನ್ನಿಸಿದ್ದು ಅವ್ವ ಕೇಳಿದ ಮೇಲೆ. ಅಣ್ಣನ ಮಗಳು ಪಿಯುಸಿ ಎರಡನೇ ವರ್ಷದಲ್ಲಿದ್ದಾಳೆ. ಆಣೆಕಟ್ಟು ಕಟ್ಟದೇ ಇರುವ ಇನ್ನೊಂದು ಜಗತ್ತು ಐತಿ, ಅಲ್ಲಿ ನಮ್ಮ ಹಳೇ ಮನೆ ಇದ್ದಲ್ಲೇ ಐತಿ ಅಂತ ಅಜ್ಜಿಗೆ ಹೇಳಿದ್ದಳು. ಅವ್ವ ನನ್ನ ಕಡೆ ತಿರುಗಿದಳು. “ಏನವಾ, ನೀ ಫಿಸಿಕ್ಸ್ ಕಲಸಾಕಿ. ಈ ಹುಡುಗಿ ಹೇಳೂದು ಖರೇ ಏನು? ಅಲ್ಲೆ ನಮ್ಮ ಮನಿ ಮುಳುಗಿಲ್ಲೇನು?”

ಮುಳುಗಡೆ ಎಂದರೇನು ಎಂದು ನಮ್ಮೂರಿನವರಿಗೆ ಹೇಳಬೇಕಾಗಿಲ್ಲ. ಹೊರಗಿನವರಿಗಾಗಿ ಎರಡು ಮಾತು: ಆಲಮಟ್ಟಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ ಆಣೆಕಟ್ಟಿನ ಹಿನ್ನೀರು ಘಟಪ್ರಭೆಯ ಪಾತ್ರದಗುಂಟ ಏರಿ ಬಂದು ಹಳೇ ಬಾಗಲಕೋಟೆಯ ದೊಡ್ಡ ಭಾಗವನ್ನು ನುಂಗಿತು. 1964ರಲ್ಲಿ ಅಡಿಗಲ್ಲು ಬಿದ್ದ ಯೋಜನೆ ಅದು; ನೀರು ಬಂದು ನಿಂತದ್ದು ದಶಕಗಳ ನಂತರ. ತೊಲೆ, ಜಂತಿ, ಬಾಗಿಲು ಬಿಚ್ಚಿಕೊಂಡು ನಾವೆಲ್ಲ ನವನಗರದ ಸೆಕ್ಟರುಗಳಿಗೆ ಬಂದೆವು. ಅವ್ವ ಕೇಳಿದ್ದು ಹುಡುಗಾಟದ ಪ್ರಶ್ನೆಯಲ್ಲ. ಅದಕ್ಕೆ ‘ಹೌದು’ ಅಂದುಬಿಟ್ಟರೂ ಅನ್ಯಾಯ, ‘ಇಲ್ಲ’ ಅಂದುಬಿಟ್ಟರೂ ಅನ್ಯಾಯ. ಅವಳಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಹಿಗ್ಗಿಸಿ ಬರೆಯುತ್ತಿದ್ದೇನೆ.

ಮೊದಲು ಎವರೆಟ್. 1957ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಜಾನ್ ವೀಲರ್ ಅವರ ಮಾರ್ಗದರ್ಶನದಲ್ಲಿ ಪಿಎಚ್‌ಡಿ ಮುಗಿಸಿದ ಹ್ಯೂ ಎವರೆಟ್‌ಗೆ ಆಗ 26 ವರ್ಷ. ಅವರು ಹೊಸ ಸಮೀಕರಣ ಬರೆಯಲಿಲ್ಲ, ಹೊಸ ಕಣ ಸೇರಿಸಲಿಲ್ಲ, ಹೊಸ ಆಯಾಮ ಕಲ್ಪಿಸಲಿಲ್ಲ. ಮಾಡಿದ್ದೆಲ್ಲ ಒಂದೇ: ಪರಮಾಣುವಿನಂಥ ಸೂಕ್ಷ್ಮ ವಸ್ತುಗಳ ನಡವಳಿಕೆ ಹೇಳುವ ಕ್ವಾಂಟಂ ಸಿದ್ಧಾಂತದಿಂದ ಒಂದು ನಿಯಮವನ್ನು ಕಿತ್ತುಹಾಕಿದರು.

ಯಾವ ನಿಯಮ ಅದು? ಕ್ಲಾಸಿನಲ್ಲಿ ನಾನು ಸ್ಟರ್ನ್ ಮತ್ತು ಗೆರ್ಲಾಕ್ ಅವರ 1922ರ ಪ್ರಯೋಗದಿಂದ ಶುರು ಮಾಡುತ್ತೇನೆ. ಬೆಳ್ಳಿಯ ಪರಮಾಣುಗಳ ಧಾರೆಯನ್ನು ಒಂದೇ ಸಮನಾಗಿಲ್ಲದ ಕಾಂತಕ್ಷೇತ್ರದೊಳಗೆ ಹಾಯಿಸಿದರೆ ಅದು ಎರಡಾಗಿ ಸೀಳುತ್ತದೆ: ಕೆಲವು ಪರಮಾಣು ಮೇಲಕ್ಕೆ, ಕೆಲವು ಕೆಳಕ್ಕೆ. ಈಗ ಒಂದೇ ಒಂದು ಪರಮಾಣುವನ್ನು, ‘ಮೇಲೆ’ ಮತ್ತು ‘ಕೆಳಗೆ’ ಎರಡೂ ಸೇರಿದ ಸ್ಥಿತಿಯಲ್ಲಿ ಕಳಿಸೋಣ. 1926ರ ಶ್ರೋಡಿಂಗರ್ ಸಮೀಕರಣದ ಪ್ರಕಾರ ಎರಡೂ ಉಳಿಯುತ್ತವೆ. ಅಷ್ಟೇ ಅಲ್ಲ, ಪರಮಾಣುವನ್ನು ಅಳೆಯುವ ಉಪಕರಣವೂ ಪರಮಾಣುಗಳಿಂದಲೇ ಆದದ್ದು, ಅದಕ್ಕೂ ಇದೇ ಸಮೀಕರಣ ಅನ್ವಯಿಸಬೇಕು. ಅನ್ವಯಿಸಿದರೆ ‘ಮೇಲೆ’ ಎಂದು ತೋರಿಸುವ ಉಪಕರಣ, ‘ಕೆಳಗೆ’ ಎಂದು ತೋರಿಸುವ ಉಪಕರಣ ಎರಡೂ ಒಟ್ಟಿಗೆ ಬರುತ್ತವೆ. ಅದನ್ನು ನೋಡುವ ಮನುಷ್ಯಳಿಗೂ ಅದೇ ಗತಿ. ಆದರೆ ನಾವು ನೋಡುವಾಗ ಮುಳ್ಳು ಒಂದು ಕಡೆ ಮಾತ್ರ ಇರುತ್ತದೆ. ಹಾಗಾಗಿ ಪಠ್ಯಪುಸ್ತಕಗಳು ಇನ್ನೊಂದು ನಿಯಮ ಸೇರಿಸಿದವು: ಅಳತೆ ಮಾಡಿದ ಗಳಿಗೆಯಲ್ಲಿ, ವಸ್ತುವಿನ ಸ್ಥಿತಿಯನ್ನು ಗಣಿತದಲ್ಲಿ ಹೇಳುವ ವೇವ್ ಫಂಕ್ಷನ್ ಕುಸಿದು ಒಂದೇ ಫಲ ಉಳಿಯುತ್ತದೆ. 1932ರಲ್ಲಿ ಫಾನ್ ನಾಯ್ಮನ್ ಈ ಎರಡು ಬಗೆಯ ಬದಲಾವಣೆಗಳನ್ನು ಬೇರೆ ಬೇರೆಯಾಗಿಯೇ ಬರೆದಿಟ್ಟರು. ಅಳತೆ ಎಂದರೇನು, ಅದು ಎಲ್ಲಿ ಶುರುವಾಗುತ್ತದೆ ಎಂಬುದು ಮಾತ್ರ ಬಗೆಹರಿಯಲಿಲ್ಲ.

ಕುಸಿತದ ಆ ನಿಯಮ ಬೇಕಿಲ್ಲ ಅಂದರು ಎವರೆಟ್. ಸಮೀಕರಣವನ್ನೇ ನಂಬೋಣ. ಅದು ರೇಖೀಯ ಸಮೀಕರಣ. ಅದರೊಳಗಿನ ಎರಡು ಪದಗಳು ಒಂದರ ಹಾದಿಗೆ ಇನ್ನೊಂದು ಅಡ್ಡ ಬಾರದೆ ಮುಂದೆ ಸಾಗುತ್ತವೆ. ಒಂದು ಕವಲಿನಲ್ಲಿರುವ ವಿಜ್ಞಾನಿ ‘ಮೇಲೆ’ ಎಂದು ಬರೆದುಕೊಳ್ಳುತ್ತಾಳೆ, ಇನ್ನೊಂದರಲ್ಲಿರುವವಳು ‘ಕೆಳಗೆ’ ಎಂದು ಬರೆದುಕೊಳ್ಳುತ್ತಾಳೆ. ಇಬ್ಬರಿಗೂ ಫಲ ಒಂದೇ ಅನ್ನಿಸುತ್ತದೆ. ನಮಗೆ ಆಗುವ ಅನುಭವವೂ ಅದೇ ತಾನೆ?

ಈ ಕವಲುಗಳು ಎಲ್ಲಿವೆ ಎಂದು ಹುಡುಗರು ಕೇಳಿಯೇ ಕೇಳುತ್ತಾರೆ. ಎಷ್ಟು ದೂರ ಅಂತ. ದೂರದ ಮಾತೇ ಇಲ್ಲಿಲ್ಲ. ಎಲ್ಲ ಕವಲುಗಳಿಗೂ ಇದೇ ಆಕಾಶ, ಇದೇ ಭೌತನಿಯಮ, ಇದೇ ಎಲೆಕ್ಟ್ರಾನ್. ಬೇರೆಯಾಗಿರುವುದು ಏನೇನು ನಡೆಯಿತು ಎಂಬುದು ಮಾತ್ರ. ಒಂದು ಕವಲಿನ ಗುರುತು ಇನ್ನೊಂದರಲ್ಲಿ ಏಕೆ ಕಾಣುವುದಿಲ್ಲ ಎಂಬುದಕ್ಕೆ ಎವರೆಟ್ ಆದ ಮೇಲೆ ಒಳ್ಳೆಯ ಉತ್ತರ ಬಂತು. 1970ರಲ್ಲಿ ಡೀಟರ್ ಝೆ, 1980ರ ದಶಕದಲ್ಲಿ ವೊಯ್ಚೆಕ್ ಜುರೆಕ್ ತೋರಿಸಿದ್ದು ಇದನ್ನು: ಗಾಳಿಯ ಅಣುಗಳು, ಬೆಳಕಿನ ಕಣಗಳು ಯಾವುದೇ ದೊಡ್ಡ ವಸ್ತುವಿಗೆ ಎಡೆಬಿಡದೆ ತಾಗಿ ಅದರ ಸ್ಥಿತಿಯ ಸುದ್ದಿಯನ್ನು ಸುತ್ತಲೂ ಹರಡಿಬಿಡುತ್ತವೆ. ಆಮೇಲೆ ಎರಡು ಕವಲು ಮತ್ತೆ ಸೇರಿ, ಅಲೆಗಳು ಒಂದರ ಮೇಲೊಂದು ಬಿದ್ದಂತೆ, ವ್ಯತಿಕರಣ ತೋರಿಸುವುದು ಕಾರ್ಯತಃ ಅಸಾಧ್ಯ. ಇದಕ್ಕೆ ಡಿಕೊಹೆರೆನ್ಸ್ ಎನ್ನುತ್ತಾರೆ. ‘ವಿಶ್ವವೇ ಚಟಕ್ಕನೆ ಎರಡಾಗುತ್ತದೆ’ ಎಂಬ ವಿಡಿಯೊ ಚಿತ್ರ ಇಲ್ಲಿ ದಾರಿ ತಪ್ಪಿಸುತ್ತದೆ. ಕವಲೊಡೆಯುವುದು ಒಂದು ಜಾಗದಲ್ಲಿ ಶುರುವಾಗಿ, ಒಂದಕ್ಕೊಂದು ತಾಗುತ್ತಾ ಹರಡುವ ಕ್ರಿಯೆ. ಬೆಳಕಿಗಿಂತ ವೇಗವಾಗಿ ಅದು ಹರಡಲಾರದು.

ಎವರೆಟ್ ಬದುಕಿನ ಕತೆ ಓದಿದಾಗ ನನಗೆ ಬೇಸರವಾಗುತ್ತದೆ. ಪ್ರಬಂಧವನ್ನು ಬಹಳ ಚಿಕ್ಕದು ಮಾಡಿ ಒಪ್ಪಿಸಬೇಕಾಯಿತು. 1959ರಲ್ಲಿ ಕೋಪನ್‌ಹೇಗನ್‌ಗೆ ಹೋಗಿ ನೀಲ್ಸ್ ಬೋರ್ ಅವರನ್ನು ಕಂಡರೂ ಏನೂ ಫಲವಾಗಲಿಲ್ಲ. ಅಷ್ಟರಲ್ಲಾಗಲೇ ಅವರು ಭೌತಶಾಸ್ತ್ರ ಬಿಟ್ಟು ಪೆಂಟಗನ್‌ನ ರಕ್ಷಣಾ ಲೆಕ್ಕಾಚಾರದ ಕೆಲಸಕ್ಕೆ ಸೇರಿದ್ದರು. 1970ರಲ್ಲಿ ಬ್ರೈಸ್ ಡಿವಿಟ್ ಲೇಖನ ಬರೆದ ಮೇಲೆಯೇ ಜನ ಈ ವಿಚಾರದ ಕಡೆ ತಿರುಗಿ ನೋಡಿದ್ದು. 1982ರಲ್ಲಿ, 51ನೇ ವಯಸ್ಸಿಗೆ ಎವರೆಟ್ ತೀರಿಕೊಂಡರು.

ಈಗ ಅವ್ವನ ಮನೆಯ ವಿಷಯಕ್ಕೆ ಬರುತ್ತೇನೆ. ಎವರೆಟ್ ಸರಿ ಎಂದಿಟ್ಟುಕೊಂಡರೆ, ಆಣೆಕಟ್ಟು ಕಟ್ಟದ ಕವಲು ಇರಬಹುದು. ಆದರೆ ಅಣ್ಣನ ಮಗಳು ಹೇಳಿದ ಕಾರಣಕ್ಕಲ್ಲ. ಮನುಷ್ಯರು ಒಂದು ತೀರ್ಮಾನ ಮಾಡಿದಾಗಲೆಲ್ಲ ಜಗತ್ತು ಎರಡಾಗುತ್ತದೆ ಎಂದು ಎವರೆಟ್ ಹೇಳಿಲ್ಲ. ಕವಲು ಹುಟ್ಟುವುದು ಕ್ವಾಂಟಂ ಮಟ್ಟದ ಘಟನೆಯಲ್ಲಿ. ಅಲ್ಲಿನ ಸಣ್ಣ ವ್ಯತ್ಯಾಸ ಬೆಳೆದು ದೊಡ್ಡದಾದರೆ ಇತಿಹಾಸ ಬದಲಾಗುತ್ತದೆ. ಮಳೆ, ಗಾಳಿಗಳಂಥ ವ್ಯವಸ್ಥೆಗಳಲ್ಲಿ ಸಣ್ಣ ವ್ಯತ್ಯಾಸ ಬೇಗ ಹಿಗ್ಗುತ್ತದೆ, ಹಾಗಾಗಿ ದಶಕಗಳ ಅವಧಿಯಲ್ಲಿ ಕವಲುಗಳ ಇತಿಹಾಸ ಒಂದಕ್ಕಿಂತ ಒಂದು ಬಹಳ ಬೇರೆಯಾಗಿರುವುದು ಸಾಧ್ಯ. ಅದೇ ಊರು, ಅದೇ ಘಟಪ್ರಭೆ, ಬೇರೆ ಇತಿಹಾಸ. ಈ ಅರ್ಥದಲ್ಲಿ ಅವ್ವನಿಗೆ ನಾನು “ಇರಬಹುದವಾ, ಆದ್ರ ಅಲ್ಲಿಗೆ ಯಾರೂ ಹೋಗಾಕ ಬರೂದಿಲ್ಲ” ಎಂದೆ. ಸುಳ್ಳು ಸಮಾಧಾನಕ್ಕೆ ಹೇಳಿದ್ದಲ್ಲ.

ಅಣ್ಣನ ಮಗಳು ಬಿಡಲಿಲ್ಲ. “ಹಂಗಾದ್ರ ಅತ್ತಿ, ನಾ ಓದದಿದ್ರೂ ನೀಟ್ ಪಾಸಾದ ಜಗತ್ತು ಐತಿ ಅಲ್ಲ?” ಇರಬಹುದು. ಆದರೆ ಎಲ್ಲ ಕವಲುಗಳ ತೂಕ ಒಂದೇ ಅಲ್ಲ. ವೇವ್ ಫಂಕ್ಷನ್‌ನ ಪ್ರತಿ ಪದಕ್ಕೂ ಒಂದು ಪ್ರಮಾಣ ಇರುತ್ತದೆ, ಅದರ ವರ್ಗವನ್ನು (ಅದನ್ನು ಅದರಿಂದಲೇ ಗುಣಿಸಿದ್ದನ್ನು) 1926ರಲ್ಲಿ ಮ್ಯಾಕ್ಸ್ ಬಾರ್ನ್ ಸಂಭವನೀಯತೆ ಎಂದು ಗುರುತಿಸಿದರು. ಓದಿದ ಹುಡುಗಿಯ ಕವಲುಗಳಲ್ಲಿ ಪಾಸಾದವುಗಳ ತೂಕ ಹೆಚ್ಚು, ಓದದವಳ ಕವಲುಗಳಲ್ಲಿ ಆ ತೂಕ ಇಲ್ಲವೆನ್ನುವಷ್ಟು ಕಡಿಮೆ. ಎವರೆಟ್ ಅವರನ್ನು ನಂಬಿದರೂ ಪುಸ್ತಕ ಹಿಡಿದು ಕೂಡಲೇಬೇಕು.

ಸ್ಟ್ರಿಂಗ್ ಥಿಯರಿಯ ಬಹುವಿಶ್ವ ಹುಟ್ಟಿದ್ದು ಇದಕ್ಕೆ ಸಂಬಂಧವೇ ಇಲ್ಲದ ಜಾಗದಲ್ಲಿ. ಅಲ್ಲಿ ಅಳತೆಯ ಒಗಟು ಇಲ್ಲ, ಬೆಕ್ಕೂ ಇಲ್ಲ. ಅವರ ಮುಂದಿದ್ದ ಪ್ರಶ್ನೆ ಬೇರೆ: ಎಲೆಕ್ಟ್ರಾನಿಗೆ ಇಷ್ಟೇ ದ್ರವ್ಯರಾಶಿ ಏಕೆ, ಬಲಗಳು ಇಷ್ಟೇ ಬಿಗಿ ಏಕೆ, ಖಾಲಿ ಜಾಗಕ್ಕೂ ಶಕ್ತಿ ಇರುವುದೇಕೆ? ಸ್ಟ್ರಿಂಗ್ ಥಿಯರಿಗೆ ಒಟ್ಟು ಹತ್ತು ಆಯಾಮ ಬೇಕು. ನಮಗೆ ಕಾಣುವುದು ಕಾಲವೂ ಸೇರಿ ನಾಲ್ಕು. ಉಳಿದ ಆರು ಅತಿ ಸಣ್ಣದಾಗಿ ಸುರುಳಿ ಸುತ್ತಿಕೊಂಡಿವೆ ಎಂದು ಅವರು ಹೇಳುತ್ತಾರೆ. ಆ ಆರು ಆಯಾಮಗಳ ಆಕಾರವೇ ಯಾವ ಕಣಗಳಿರಬೇಕು, ಬಲ ಎಷ್ಟಿರಬೇಕು ಎಂಬುದನ್ನು ತೀರ್ಮಾನಿಸುತ್ತದೆ. 1985ರ ಸುಮಾರಿಗೆ, ಸರಿಯಾದ ಒಂದೇ ಆಕಾರ ಸಿಕ್ಕೀತು, ಅದರಿಂದ ನಮ್ಮ ವಿಶ್ವದ ಎಲ್ಲ ಸಂಖ್ಯೆಗಳೂ ಹೊರಬಂದಾವು ಎಂಬ ಆಸೆ ಬಲವಾಗಿತ್ತು.

ಆಸೆ ಕೈಗೂಡಲಿಲ್ಲ. ಸಿಕ್ಕಿದ್ದು ಆಕಾರಗಳ ರಾಶಿ. 2000ದಲ್ಲಿ ರಾಫೆಲ್ ಬೂಸೊ ಮತ್ತು ಜೋಸೆಫ್ ಪೋಲ್ಚಿನ್‌ಸ್ಕಿ ತೋರಿಸಿದ ಲೆಕ್ಕದ ತಿರುಳನ್ನು ಪಿಯುಸಿ ಹುಡುಗರೂ ಮಾಡಬಲ್ಲರು. ಅಂಥ ಆಕಾರದಲ್ಲಿ ನೂರಾರು ರಂಧ್ರಗಳಿರುತ್ತವೆ, ಪ್ರತಿಯೊಂದರ ಮೂಲಕ ಕಾಂತಕ್ಷೇತ್ರದಂಥ ಫ್ಲಕ್ಸ್ ಹಾಯುತ್ತದೆ, ಅದರ ಪ್ರಮಾಣ ಪೂರ್ಣಾಂಕಗಳಲ್ಲೇ ಇರಬೇಕು. 500 ಜಾಗ, ಒಂದೊಂದಕ್ಕೆ 10 ಆಯ್ಕೆ ಎಂದುಕೊಳ್ಳಿ. ಒಟ್ಟು ಆಯ್ಕೆ 1ರ ಮುಂದೆ 500 ಸೊನ್ನೆ. ಒಂದೊಂದು ಆಯ್ಕೆಗೂ ತನ್ನದೇ ಭೌತನಿಯಮ, ತನ್ನದೇ ನಿರ್ವಾತ ಶಕ್ತಿ (ಖಾಲಿ ಜಾಗದ ಶಕ್ತಿ); ಅಂಥ ಒಂದೊಂದು ಆಯ್ಕೆಯನ್ನೂ ಒಂದು ನಿರ್ವಾತ ಎನ್ನುತ್ತಾರೆ. ಇಂಥ ನಿರ್ವಾತಗಳನ್ನು ಸ್ಥಿರವಾಗಿ ನಿಲ್ಲಿಸುವ ಒಂದು ದಾರಿಯನ್ನು 2003ರಲ್ಲಿ ತೋರಿಸಿದ ನಾಲ್ವರಲ್ಲಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಸಂದೀಪ್ ತ್ರಿವೇದಿ ಒಬ್ಬರು. ಉಳಿದವರು ಕಚ್ರು, ಕಲ್ಲೋಶ್, ಲಿಂಡೆ. ಅದೇ ವರ್ಷ ಲಿಯೊನಾರ್ಡ್ ಸಸ್ಕಿಂಡ್ ಈ ಇಡೀ ಸಂಗ್ರಹಕ್ಕೆ ಲ್ಯಾಂಡ್‌ಸ್ಕೇಪ್ ಎಂದು ಹೆಸರಿಟ್ಟರು. ಆ ನಿರ್ವಾತಗಳು ನಿಜಕ್ಕೂ ನಿಲ್ಲುತ್ತವೆಯೇ ಎಂಬ ತಕರಾರು ಇನ್ನೂ ಮುಗಿದಿಲ್ಲ. ಕಮ್ರಾನ್ ವಾಫಾ ಮತ್ತು ಸಂಗಡಿಗರು 2018ರಲ್ಲಿ, ಧನಾತ್ಮಕ (ಸೊನ್ನೆಗಿಂತ ಹೆಚ್ಚಿನ) ಶಕ್ತಿಯ ಸ್ಥಿರ ನಿರ್ವಾತಗಳು ಈ ಸಿದ್ಧಾಂತದಲ್ಲಿ ಸಾಧ್ಯವೇ ಇಲ್ಲದಿರಬಹುದು ಎಂದು ವಾದಿಸಿದ್ದಾರೆ.

ಇಲ್ಲಿ ಬಹಳ ಜನ ಎಡವುವ ಒಂದು ಜಾಗ ಇದೆ. ಲ್ಯಾಂಡ್‌ಸ್ಕೇಪ್ ಎಂಬುದು ಸಾಧ್ಯತೆಗಳ ಪಟ್ಟಿ ಅಷ್ಟೇ. ಪಟ್ಟಿ ಇದ್ದ ಮಾತ್ರಕ್ಕೆ ವಿಶ್ವಗಳು ಇದ್ದಂತಾಗಲಿಲ್ಲ. ಅವು ನಿಜವಾಗಿ ಹುಟ್ಟಲು ಒಂದು ಯಂತ್ರ ಬೇಕು, ಅದು ಇನ್‌ಫ್ಲೇಶನ್. ವಿಶ್ವದ ಆರಂಭದಲ್ಲಿ ಅತಿ ವೇಗದ ಹಿಗ್ಗುವಿಕೆ ನಡೆಯಿತು ಎಂದು 1981ರಲ್ಲಿ ಅಲನ್ ಗೂತ್ ಬರೆದರು. ಆ ಹಿಗ್ಗುವಿಕೆ ಒಂದು ಕಡೆ ನಿಂತರೂ ಇನ್ನೊಂದು ಕಡೆ ನಡೆದೇ ಇರುತ್ತದೆ ಎಂದು 1983ರಲ್ಲಿ ವಿಲೆಂಕಿನ್ ಮತ್ತು ಸ್ಟೈನ್‌ಹಾರ್ಟ್, 1986ರಲ್ಲಿ ಲಿಂಡೆ ಕಂಡುಕೊಂಡರು. ನಿಂತಲ್ಲೆಲ್ಲ ಒಂದೊಂದು ಗುಳ್ಳೆ, ಗುಳ್ಳೆಯೊಳಗೆ ಒಂದು ವಿಶ್ವ. ಪಟ್ಟಿಯ ಬೇರೆ ಬೇರೆ ಸಾಲುಗಳು ಬೇರೆ ಬೇರೆ ಗುಳ್ಳೆಗಳಲ್ಲಿ ನಿಜವಾಗುತ್ತವೆ. ಈ ವಿಶ್ವಗಳ ನಡುವೆ ದೂರ ಇದೆ, ನಿಜವಾದ ದೂರ. ನಡುವಿನ ಜಾಗ ಹಿಗ್ಗುತ್ತಲೇ ಇರುವುದರಿಂದ ಬೆಳಕು ಕೂಡ ದಾಟಲಾರದ ದೂರ.

ಇಷ್ಟೆಲ್ಲ ಯಾಕೆ ಬೇಕಾಯಿತು ಎಂಬುದಕ್ಕೆ ನಿರ್ವಾತ ಶಕ್ತಿಯ ಕತೆ ಕೇಳಬೇಕು. ಸರಳ ಲೆಕ್ಕ ಹಾಕಿದರೆ ಬರುವ ಮೌಲ್ಯ, ಅಳೆದ ಮೌಲ್ಯಕ್ಕಿಂತ ಸುಮಾರು 1ರ ಮುಂದೆ 120 ಸೊನ್ನೆಗಳಷ್ಟು ಪಟ್ಟು ಹೆಚ್ಚು. ಇಷ್ಟು ಚಿಕ್ಕದಾಗಿ ಉಳಿದದ್ದು ಹೇಗೆ? ನಮ್ಮೂರಿನವರಿಗೆ 519.60 ಮತ್ತು 524.256 ಎಂಬ ಎರಡು ಸಂಖ್ಯೆಗಳು ಬಾಯಿಪಾಠ. ಮೊದಲನೆಯದು ಆಲಮಟ್ಟಿಯಲ್ಲಿ ಈಗ ನೀರು ನಿಲ್ಲಿಸುವ ಮಟ್ಟ, ಎರಡನೆಯದು ಎತ್ತರಿಸಬೇಕೆಂದಿರುವ ಮಟ್ಟ, ಎರಡೂ ಮೀಟರ್‌ಗಳಲ್ಲಿ. ಆ ಒಂದು ಸಂಖ್ಯೆ ಯಾವ ಓಣಿ ಉಳಿಯಬೇಕು, ಯಾವುದು ಹೋಗಬೇಕು ಎಂದು ಹೇಳುತ್ತದೆ. ಈಗ ಉಳಿದ ಮನೆಯೊಳಗೆ ಕುಳಿತು ‘ನಮ್ಮ ಮನೆ ನೀರಿಗಿಂತ ಮೇಲೇ ಇದೆಯಲ್ಲ, ಎಂಥ ಸೋಜಿಗ’ ಎಂದು ಕೇಳಿದರೆ? ನೀರಿಗಿಂತ ಕೆಳಗಿನ ಮನೆಯಲ್ಲಿ ಕುಳಿತು ಕೇಳುವವರು ಯಾರೂ ಇಲ್ಲ. 1987ರಲ್ಲಿ ಸ್ಟೀವನ್ ವೈನ್‌ಬರ್ಗ್ ನಿರ್ವಾತ ಶಕ್ತಿಯ ಬಗ್ಗೆ ಹೇಳಿದ್ದು ಈ ಬಗೆಯ ಮಾತು: ಅದು ತೀರಾ ಹೆಚ್ಚಿದ್ದ ಕಡೆ ವಿಶ್ವ ಬೇಗ ಬೇಗ ಹಿಗ್ಗಿ, ಗ್ಯಾಲಕ್ಸಿಗಳು ಕೂಡಿಕೊಳ್ಳುವ ಮೊದಲೇ ಚದುರಿಹೋಗುತ್ತದೆ. ಕೇಳುವವರು ಹುಟ್ಟುವುದು ಅದು ಚಿಕ್ಕದಿರುವ ಕಡೆ ಮಾತ್ರ. ಹಾಗೆಂದು ಅದು ಸೊನ್ನೆಯೇ ಆಗಿರಬೇಕಾಗಿಲ್ಲ ಎಂದೂ ಅವರ ವಾದದಿಂದ ಹೊರಡುತ್ತಿತ್ತು. 1998ರಲ್ಲಿ ದೂರದ ಸೂಪರ್‌ನೋವಾಗಳನ್ನು (ಸಿಡಿದ ನಕ್ಷತ್ರಗಳನ್ನು) ಅಳೆದವರಿಗೆ ಕಂಡದ್ದೂ ಸೊನ್ನೆಯಲ್ಲದ, ಅತಿ ಚಿಕ್ಕ ಮೌಲ್ಯವೇ. ನನಗೆ ಲ್ಯಾಂಡ್‌ಸ್ಕೇಪ್ ಬಗ್ಗೆ ಗೌರವ ಇರುವುದು ಈ ಒಂದು ಕಾರಣಕ್ಕೆ. ಆದರೆ ಮನೆಯ ವಾದ ನಿಲ್ಲಬೇಕಾದರೆ ಬೇರೆ ಬೇರೆ ಎತ್ತರದಲ್ಲಿ ನಿಜವಾಗಿ ಮನೆಗಳಿರಬೇಕು. ಒಂದೇ ಮನೆ ಇದ್ದು ಅದು ಉಳಿದಿದ್ದರೆ ಸೋಜಿಗ ಸೋಜಿಗವಾಗಿಯೇ ಉಳಿಯುತ್ತದೆ. ಗುಳ್ಳೆಗಳು ನಿಜವಾಗಿ ಇರಬೇಕು ಎಂದು ಅವರು ಪಟ್ಟು ಹಿಡಿಯುವುದು ಇದಕ್ಕೇ.

ಈ ಬಹುವಿಶ್ವದಲ್ಲಿ ಅವ್ವನ ಮನೆ ಇದೆಯೇ? ಬೇರೆ ನಿಯಮದ ಗುಳ್ಳೆಗಳಲ್ಲಿ ಖಂಡಿತ ಇಲ್ಲ. ಅಲ್ಲಿ ಪರಮಾಣುಗಳೇ ನಿಲ್ಲದಿರಬಹುದು. ಇನ್ನು ಕಲ್ಲು, ಮಣ್ಣು, ಘಟಪ್ರಭೆ ಎಲ್ಲಿಂದ ಬರಬೇಕು? ಗುಳ್ಳೆಗಳಿಗೆ ಕೊನೆಯೇ ಇಲ್ಲ, ನಮ್ಮಂಥ ನಿಯಮದ ಗುಳ್ಳೆಯೂ ಮತ್ತೆ ಮತ್ತೆ ಬರುತ್ತದೆ ಎಂದರೆ, ಎಲ್ಲೋ ನಮ್ಮ ಓಣಿಯಂಥದೇ ಓಣಿ ಇದ್ದೀತು. ಆದರೆ ಅದು ನಮ್ಮದರಂಥ ಇನ್ನೊಂದು ಮನೆ. ನಮ್ಮ ಮನೆಯ ಕಲ್ಲಿಗೂ ಅದರ ಕಲ್ಲಿಗೂ ಒಂದು ಕಾಲದಲ್ಲಿ ಹಂಚಿಕೊಂಡ ಚರಿತ್ರೆ ಇಲ್ಲ. ಎವರೆಟ್ ಹೇಳುವ ಕವಲಿನಲ್ಲಿ ಹಾಗಲ್ಲ, ಕವಲೊಡೆಯುವ ತನಕ ಅದು ಇದೇ ಮನೆ. ಅವ್ವನಿಗೆ ಈ ಭೇದ ಕೂಡಲೇ ಹೊಳೆಯಿತು. “ಅದು ನಮ್ಮದಲ್ಲ ಬಿಡು” ಎಂದು ಎರಡನೆಯದನ್ನು ಪಕ್ಕಕ್ಕೆ ಸರಿಸಿದಳು.

ಎರಡಕ್ಕೂ ಸಂಭವನೀಯತೆಯ ಸಂಕಟ ಇದೆ, ಅದೂ ಬೇರೆ ಬೇರೆ ಬಗೆಯದು. ಎಲ್ಲ ಫಲಗಳೂ ನಡೆದೇ ನಡೆಯುತ್ತವೆ ಎಂದ ಮೇಲೆ ‘ಮೂರರಲ್ಲಿ ಎರಡು ಪಾಲು ಸಂಭವ’ ಎಂಬ ಮಾತಿಗೆ ಅರ್ಥವೇನು? ಎವರೆಟ್ ಪಕ್ಷದವರನ್ನು ಕಾಡುವ ಪ್ರಶ್ನೆ ಇದು. 1999ರಲ್ಲಿ ಡೇವಿಡ್ ಡಾಯ್ಚ್, ವಿವೇಕದಿಂದ ಪಣ ಕಟ್ಟುವವರು ಬಾರ್ನ್ ನಿಯಮವನ್ನೇ ಪಾಲಿಸಬೇಕಾಗುತ್ತದೆ ಎಂದು ಸಾಧಿಸಲು ಹೊರಟರು. ಎಲ್ಲರೂ ಒಪ್ಪಿಲ್ಲ, ನಾನೂ ಪೂರ್ತಿ ಒಪ್ಪಿಲ್ಲ. ಆದರೂ ಅಲ್ಲಿ ತೂಕ ಎಷ್ಟು ಎಂಬುದು ಸಮೀಕರಣದಲ್ಲೇ ಬರೆದಿದೆ. ಗುಳ್ಳೆಗಳಲ್ಲಿ ಆ ಸೌಲಭ್ಯವೂ ಇಲ್ಲ. ಪ್ರತಿ ಬಗೆಯ ಗುಳ್ಳೆಯೂ ಅನಂತ. ಅನಂತವನ್ನು ಅನಂತದಿಂದ ಭಾಗಿಸಿದರೆ ಬರುವ ಉತ್ತರ, ಎಣಿಸುವ ಕ್ರಮದ ಮೇಲೆ ನಿಂತಿರುತ್ತದೆ. 1, 2, 3, 4 ಎಂದು ಎಣಿಸಿದರೆ ಸಮಸಂಖ್ಯೆಗಳು ಅರ್ಧ. ಅದೇ ಸಂಖ್ಯೆಗಳನ್ನು 1, 3, 2, 5, 7, 4 ಎಂದು ಜೋಡಿಸುತ್ತ ಹೋದರೆ ಮೂರರಲ್ಲೊಂದು ಪಾಲು. ಸಂಖ್ಯೆ ಒಂದೂ ಬಿಟ್ಟಿಲ್ಲ. ಯಾವ ಕ್ರಮ ಸರಿ ಎಂದು ಹೇಳುವ ನಿಯಮ ಇನ್ನೂ ಸಿಕ್ಕಿಲ್ಲ. ನನ್ನ ಲೆಕ್ಕದಲ್ಲಿ ಇದು ಹೆಚ್ಚು ಗಂಭೀರ ಕಾಯಿಲೆ.

ಎರಡೂ ಒಂದೇ ಎಂದು ಹೇಳಿದ ದೊಡ್ಡವರೂ ಇದ್ದಾರೆ, ಅದನ್ನು ಮುಚ್ಚಿಡಬಾರದು. 2011ರಲ್ಲಿ ಬೂಸೊ ಮತ್ತು ಸಸ್ಕಿಂಡ್ ಒಂದು ಕಡೆ, ಯಾಸುನೊರಿ ನೊಮುರಾ ಇನ್ನೊಂದು ಕಡೆ, ದೂರದ ಗುಳ್ಳೆಗಳು ಮತ್ತು ಎವರೆಟ್ ಕವಲುಗಳು ಒಂದೇ ಸಂಗತಿಯ ಎರಡು ಮುಖ ಎಂದು ವಾದಿಸಿದರು. ಹೊಸ ಗುಳ್ಳೆ ಹುಟ್ಟುವುದೂ ಕ್ವಾಂಟಂ ಸುರಂಗನದಿಂದಲೇ (ದಾಟಲಾಗದ ತಡೆಯನ್ನು ಕ್ವಾಂಟಂ ರೀತಿಯಲ್ಲಿ ದಾಟುವುದರಿಂದಲೇ) ಆದ್ದರಿಂದ ಮಾತಿನಲ್ಲಿ ಹುರುಳಿದೆ. ಅವರು ಎರಡು ಬೇರೆ ವಿಚಾರಗಳನ್ನು ಬೇರೆ ಎಂದು ಪೂರ್ತಿ ತಿಳಿದು, ಆಮೇಲೆ ಕೂಡಿಸಲು ಹೊರಟವರು. ಅದು ಅಪರೂಪದ ಧೈರ್ಯ. ಮೊದಲೇ ಕಲಸಿಕೊಂಡು ಕೂತರೆ ಅವರು ಏನನ್ನು ಕೂಡಿಸುತ್ತಿದ್ದಾರೆ ಎಂಬುದೇ ನಮಗೆ ಕಾಣುವುದಿಲ್ಲ.

ಬೇರೆ ಬೇರೆ ಎಂಬುದಕ್ಕೆ ನನಗೆ ಎಲ್ಲಕ್ಕಿಂತ ಗಟ್ಟಿ ಪುರಾವೆ, ಎರಡೂ ಸೋಲಬಹುದಾದ ಜಾಗಗಳೇ ಬೇರೆ ಎಂಬುದು. ವಸ್ತು ದೊಡ್ಡದಾದಂತೆ ವೇವ್ ಫಂಕ್ಷನ್ ನಿಜಕ್ಕೂ ಕುಸಿಯುತ್ತದೆ ಎಂದು ಪ್ರಯೋಗ ತೋರಿಸಿದ ದಿನ ಎವರೆಟ್ ವಾದ ಮುಗಿಯಿತು. ವಿಯೆನ್ನಾದಲ್ಲಿ 1999ರಲ್ಲಿ 60 ಕಾರ್ಬನ್ ಪರಮಾಣುಗಳ ಅಣುವಿನಲ್ಲಿ ವ್ಯತಿಕರಣ ಕಂಡರು, 2019ರ ಹೊತ್ತಿಗೆ ಸುಮಾರು 2000 ಪರಮಾಣುಗಳ ಅಣುಗಳಲ್ಲೂ ಕಂಡರು. ಇಟಲಿಯ ಗ್ರಾನ್ ಸಾಸೊ ಬೆಟ್ಟದಡಿ ನಡೆದ, 2020ರಲ್ಲಿ ಪ್ರಕಟವಾದ ಪ್ರಯೋಗ, ಗುರುತ್ವವೇ ಕುಸಿತಕ್ಕೆ ಕಾರಣ ಎನ್ನುವ ಡಿಯೋಶಿ ಮತ್ತು ಪೆನ್‌ರೋಸ್ ಮಾದರಿಯ ಅತಿ ಸರಳ ರೂಪವನ್ನು ತಳ್ಳಿಹಾಕಿತು. ಈವರೆಗೆ ಎಲ್ಲಿಯೂ ಕುಸಿತ ಸಿಕ್ಕಿಲ್ಲ. ನಾಳೆ ಸಿಕ್ಕರೂ ಸುರುಳಿ ಸುತ್ತಿದ ಆರು ಆಯಾಮಗಳ ಪಟ್ಟಿ ಉದ್ದಕ್ಕೆ ಹಾಗೇ ಇರುತ್ತದೆ. ಇತ್ತ ಗುಳ್ಳೆಯೊಳಗೆ ಹುಟ್ಟಿದ ವಿಶ್ವದ ಜಾಗ, ಸಿದ್ಧಾಂತದ ಪ್ರಕಾರ, ಅತ್ಯಲ್ಪವಾದರೂ ಋಣ ವಕ್ರತೆ (ಕುದುರೆಯ ಜೀನಿನಂಥ ಬಾಗು) ಇರುವಂಥದ್ದು. ವಿಶ್ವದ ಆದಿಯ ಬೆಳಕನ್ನು ಅಳೆದ ಪ್ಲಾಂಕ್ ಉಪಗ್ರಹದ ದತ್ತಾಂಶವನ್ನು ಗ್ಯಾಲಕ್ಸಿಗಳ ಅಳತೆಗಳ ಜೊತೆ ಸೇರಿಸಿ ನೋಡಿದಾಗ ವಕ್ರತೆ ಸುಮಾರು 0.002ರ ಮಿತಿಯೊಳಗೆ ಸೊನ್ನೆಯೇ. ಮುಂದೆ ಇನ್ನೂ ಸೂಕ್ಷ್ಮವಾಗಿ ಅಳೆದು ಧನ ವಕ್ರತೆಯನ್ನು (ಚೆಂಡಿನಂಥ ಬಾಗನ್ನು) ಯಾರಾದರೂ ಖಚಿತವಾಗಿ ತೋರಿಸಿದರೆ ಗುಳ್ಳೆಗಳ ಚಿತ್ರ ದೊಡ್ಡ ಸಂಕಟಕ್ಕೆ ಸಿಕ್ಕುತ್ತದೆ. ಎವರೆಟ್ ವಾದದ ಕೂದಲೂ ಅದರಿಂದ ಕೊಂಕದು.